ಉಸಿರಿಗೂ ಮುಹೂರ್ತ ನೋಡುವವರಿಗೆ

"ನೋಡೋಣ."

ಈ ಒಂದು ಮಾತಿಗಾಗಿ ನಮ್ಮ ಜನ ಎಷ್ಟು ಬಾಗಿಲುಗಳಲ್ಲಿ ನಿಂತಿದ್ದಾರೆ ಅನ್ನೋ ಲೆಕ್ಕ ಯಾವ ಸರ್ಕಾರದ ಕಡತದಲ್ಲೂ ಇಲ್ಲ. ಕೂಲಿ ಯಾವಾಗ ಕೊಡ್ತೀರಿ ಬುದ್ಧಿ? ನೋಡೋಣ. ಸಾಗುವಳಿ ಚೀಟಿ ಯಾವಾಗ ಬರುತ್ತೆ ಸಾರ್? ನೋಡೋಣ. ಹಾಸ್ಟೆಲಿನ ಸೀಟು, ಸ್ಮಶಾನದ ಜಾಗ, ಮುದುಕಿಯ ಪೆನ್ಷನ್ನು, ಎಲ್ಲಕ್ಕೂ ಒಂದೇ ಉತ್ತರ. ಹೇಳುವವನಿಗೆ ಅದು ಬರೀ ಮಾತು. ಕೇಳುವವನಿಗೆ ಒಂದು ದಿನದ ಕೂಲಿ, ಒಂದು ಬಸ್ ಚಾರ್ಜು, ಕೆಲವು ಸಲ ಇಡೀ ಒಂದು ಜನ್ಮ.

ಈಗ ಅದೇ ಮಾತು ಆಸ್ಪತ್ರೆಯ ತೀವ್ರ ನಿಗಾ ಘಟಕದ ಬಾಗಿಲಲ್ಲೂ ಬಂದು ನಿಂತಿದೆ. ಒಳಗೆ ನಮ್ಮವನೊಬ್ಬ ವೆಂಟಿಲೇಟರಿನಲ್ಲಿದ್ದಾನೆ. ಬಾಯೊಳಗಿಂದ ಶ್ವಾಸನಾಳದವರೆಗೂ ಪೈಪು. ಯಂತ್ರ ಗಾಳಿ ನೂಕುತ್ತೆ, ಎದೆ ಏಳುತ್ತೆ; ಯಂತ್ರ ಬಿಡುತ್ತೆ, ಎದೆ ಇಳಿಯುತ್ತೆ. ಹೊರಗೆ ಮೆಟ್ಟಿಲ ಮೇಲೆ ಹೆಂಡತಿ, ತಾಯಿ, ಊರಿಂದ ಬಂದ ನಾಲ್ಕು ಜನ. ಪೈಪು ಯಾವಾಗ ತೆಗೀತೀರಿ ಸಾರ್ ಅಂತ ಕೇಳಿದರೆ, ದೊಡ್ಡ ಡಾಕ್ಟರು ನಡೀತಾ ನಡೀತಾನೇ ಹೇಳ್ತಾರೆ: ನೋಡೋಣ.

ನಾನು ಹೇಳಬೇಕಾದ್ದು ಒಂದೇ. ರೋಗಿಯನ್ನು ವೆಂಟಿಲೇಟರಿನಿಂದ ಯಾವಾಗ ಬಿಡಿಸಬೇಕು ಅನ್ನೋದು ಒಬ್ಬ ದೊಡ್ಡವನ ಮನಸ್ಸಿನಲ್ಲಿ ಮೂಡುವ ಮುಹೂರ್ತ ಅಲ್ಲ. ಅದು ದಿನಾ ಬೆಳಿಗ್ಗೆ ಮಾಡಬೇಕಾದ ಪರೀಕ್ಷೆ. ಅದಕ್ಕೆ ಬರೆದಿಟ್ಟ ಪ್ರಶ್ನೆಗಳಿವೆ, ಅಂಕಿಗಳಿವೆ. ತರಬೇತಿಯಾದ ನರ್ಸ್ ಅದನ್ನು ಮಾಡಬಲ್ಲಳು. ಇದು ಸಾಬೀತಾಗಿ 30 ವರ್ಷದ ಹತ್ತಿರ ಆಯಿತು. ಇಷ್ಟಾದ ಮೇಲೂ ಬಡವನ ಹಾಸಿಗೆಯ ಹತ್ತಿರ ಈ ಪರೀಕ್ಷೆ ನಡೆಯದೆ "ನೋಡೋಣ" ಅನ್ನೋದೇ ನಡೀತಿದ್ದರೆ, ಅದಕ್ಕೆ ವೈದ್ಯವಿಜ್ಞಾನ ಅಂತ ಹೆಸರಿಡಬೇಡಿ. ಅದು ಪುರೋಹಿತಶಾಹಿ. ಪಂಚಾಂಗದ ಬದಲು ಕೊರಳಲ್ಲಿ ಸ್ಟೆತಾಸ್ಕೋಪು ಇದೆ, ಅಷ್ಟೆ.

*

ಮೊದಲು ಆ ಹಾಸಿಗೆಯ ಮೇಲೆ ಮಲಗಿರೋರು ಯಾರು ಅಂತ ಕೇಳೋಣ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಆದವರು, ಅಪಘಾತ ಆದವರು, ವಯಸ್ಸಾಗಿ ನ್ಯುಮೋನಿಯಾ ಬಂದವರು ಇರ್ತಾರೆ. ನಮ್ಮ ಜಿಲ್ಲೆಗಳ ಆಸ್ಪತ್ರೆಗೆ ಬಂದು ನೋಡಿ. ಅಲ್ಲಿ ಇನ್ನೊಂದು ಸಾಲು ಇದೆ: ಹಾವು ಕಚ್ಚಿದವರು, ಮತ್ತೆ "ಔಷಧಿ ಕುಡಿದವರು."

ಬೆಳೆಗೆ ಹೊಡೆಯೋ ವಿಷಕ್ಕೂ ನಮ್ಮೂರುಗಳಲ್ಲಿ ಔಷಧಿ ಅಂತಲೇ ಹೆಸರು. ಹೊಲದ ಗುಡಿಸಲಲ್ಲಿ, ಮಂಚದ ಕೆಳಗೆ, ಸೂರಿನ ಸಂದಿಯಲ್ಲಿ ಅದು ಸದಾ ಕೈಗೆ ಸಿಗುತ್ತೆ. ಸಾಲಗಾರ ಬಂದು ಬೈದು ಹೋದ ಮಧ್ಯಾಹ್ನ, ಗಂಡ ಹೊಡೆದ ರಾತ್ರಿ, ಫೇಲಾದ ದಿನ, ಹತ್ತು ನಿಮಿಷದ ಸಿಟ್ಟಿಗೆ ಅದು ಕಾದು ಕೂತಿರುತ್ತೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಬೇಸಾಯ ನಂಬಿದ 11,290 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 6,083 ಜನ ಕೃಷಿ ಕೂಲಿಗಳು. ಅಂದರೆ ಅರ್ಧಕ್ಕಿಂತ ಹೆಚ್ಚು ಜನ ನೆಲ ಇದ್ದವರಲ್ಲ, ನೆಲದ ಮೇಲೆ ಬಗ್ಗಿ ದುಡಿದವರು. ಇದು ಸತ್ತವರ ಲೆಕ್ಕ. ಕುಡಿದು, ಆಸ್ಪತ್ರೆ ಸೇರಿ, ಬದುಕು ಸಾವುಗಳ ನಡುವೆ ಯಂತ್ರದ ಉಸಿರಿನಲ್ಲಿ ಮಲಗಿದವರ ಲೆಕ್ಕ ಇದರಲ್ಲಿಲ್ಲ.

ಆರ್ಗನೋಫಾಸ್ಫರಸ್ ಅನ್ನೋ ಜಾತಿಯ ಕೀಟನಾಶಕ ಒಳಗೆ ಹೋದರೆ ಮೊದಲ ದಿನ ಬಾಯಲ್ಲಿ ನೊರೆ, ಬೆವರು, ವಾಂತಿ, ಸೂಜಿಮೊನೆಯಾದ ಕಣ್ಣಪಾಪೆ. ಅಟ್ರೋಪಿನ್ ಕೊಟ್ಟರೆ ಅದು ಹತೋಟಿಗೆ ಬರುತ್ತೆ. ಮನೆಯವರು ಗೆದ್ದೆವು ಅಂದುಕೊಳ್ತಾರೆ. ಆಮೇಲೆ ಎರಡನೇ ಹೊಡೆತ. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ ಎಂಬ ಇಬ್ಬರು ವೈದ್ಯರು 1987ರಲ್ಲಿ 10 ರೋಗಿಗಳನ್ನು ನೋಡಿ ಇದನ್ನು ಬರೆದರು: ವಿಷ ಹೊಕ್ಕ 24ರಿಂದ 96 ಗಂಟೆಯೊಳಗೆ ಕತ್ತು, ತೋಳು, ತೊಡೆಯ ಬುಡ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಅಟ್ರೋಪಿನ್ ಇದಕ್ಕೆ ನಾಟೋದಿಲ್ಲ. ಸ್ನಾಯು ತಾನಾಗಿ ಚೇತರಿಸಿಕೊಳ್ಳುವ ತನಕ ಉಸಿರು ಕೊಡಬೇಕು. ಅವರು ಕಂಡ ರೋಗಿಗಳು ಸುಧಾರಿಸಲು 5ರಿಂದ 18 ದಿನ ಹಿಡಿಯಿತು. ವೆಂಟಿಲೇಟರು ಇಲ್ಲದಿದ್ದರೆ ಇಂಥವರಲ್ಲಿ ಅನೇಕರು ಉಳಿಯುವುದೇ ಇಲ್ಲ. ಹಾಗಾಗಿ ನಾನು ಯಂತ್ರದ ವೈರಿ ಅಲ್ಲ. ಯಂತ್ರದ ಹಿಂದೆ ನಿಂತು ಬಾಯಿ ಮುಚ್ಚಿಕೊಂಡಿರುವ ಅಧಿಕಾರದ ವೈರಿ.

ಯಂತ್ರದ ಉಸಿರಿಗೆ ಒಂದು ಚರಿತ್ರೆ ಇದೆ. ವಿದ್ಯಾರ್ಥಿ ಗೆಳೆಯರು ಅದನ್ನು ತಿಳಿದಿರಬೇಕು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಮಾರಿ ಬಡಿಯಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರು ಕಟ್ಟಿದ ಮೊದಲ 31 ರೋಗಿಗಳಲ್ಲಿ 27 ಜನ ಸತ್ತರು. ಬಿಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ 12 ವರ್ಷದ ಒಬ್ಬ ಹುಡುಗಿಯ ಶ್ವಾಸನಾಳಕ್ಕೆ ಕೊಳವೆ ಹಾಕಿ, ರಬ್ಬರ್ ಚೀಲ ಒತ್ತಿ ಗಾಳಿ ಕೊಟ್ಟ. ಹುಡುಗಿ ಉಳಿದಳು. ಆಮೇಲೆ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆ ಪಕ್ಕ ಕೂತು ಹಗಲೂ ರಾತ್ರಿ ಆ ಚೀಲ ಒತ್ತಿದರು. ಸಾವು ಅರ್ಧಕ್ಕಿಂತ ಕೆಳಕ್ಕೆ ಇಳಿಯಿತು. ಅಂದರೆ ಇವತ್ತಿನ ವೆಂಟಿಲೇಟರು ಮೊದಲು ಒಂದು ಕೈಯಾಗಿತ್ತು. ದುಡಿಯುವ, ನಿದ್ದೆಗೆಟ್ಟ, ಇನ್ನೂ ಡಿಗ್ರಿ ಸಿಗದ ಕೈ. ಕೈಯ ಜಾಗಕ್ಕೆ ಮೋಟಾರು ಬಂತು. ಮೋಟಾರಿನ ಜೊತೆಗೆ ಬಿಲ್ಲು ಬಂತು.

*

ಯಂತ್ರದಲ್ಲಿ ಎರಡು ದಿನ ಹೆಚ್ಚಿದ್ದರೆ ಏನು ಹೋಯಿತು, ವಿಶ್ರಾಂತಿ ತಾನೆ, ಅಂತಾರೆ ಕೆಲವರು. ಹೋಗೋದೇನು ಅಂತ ಹೇಳ್ತೀನಿ.

ನಮ್ಮ ಉಸಿರಿನ ಎತ್ತು ವಪೆ. ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯು. ಹುಟ್ಟಿದ ಗಳಿಗೆಯಿಂದ ರಜೆ ಇಲ್ಲದೆ ದುಡಿಯೋ ಕೂಲಿ ಅದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಿದುಳು ಸತ್ತು ಅಂಗದಾನಕ್ಕೆ ಸಿದ್ಧರಾದವರ ವಪೆಯನ್ನು ಪರೀಕ್ಷಿಸಿದರು. ಬರೀ 18ರಿಂದ 69 ಗಂಟೆ ಯಂತ್ರವೇ ಪೂರ್ತಿ ಉಸಿರಾಡಿಸಿದ್ದಕ್ಕೆ ವಪೆಯ ಎಳೆಗಳು ಅರ್ಧಕ್ಕಿಂತ ಹೆಚ್ಚು ಸೊರಗಿದ್ದವು. ಕೆಲಸ ಕಿತ್ತುಕೊಂಡರೆ ಕೂಲಿ ಹೇಗೆ ಸೊರಗ್ತಾನೋ ಹಾಗೆ. ಇದರ ಮೇಲೆ ಗಂಟಲಲ್ಲಿ ಪೈಪು ಇರುವ ಪ್ರತಿ ದಿನವೂ ಶ್ವಾಸಕೋಶಕ್ಕೆ ಸೋಂಕು ಇಳಿಯುವ ಅಪಾಯ. ಮಂಪರು ಔಷಧಿಯಿಂದ ಭ್ರಮೆ, ಮಲಗಿ ಮಲಗಿ ಬೆನ್ನಿಗೆ ಹುಣ್ಣು. ವೆಂಟಿಲೇಟರಿನಲ್ಲಿ ಬೇಡದ ಒಂದು ದಿನ ಅಂದರೆ ಬರೀ ಒಂದು ದಿನ ಅಲ್ಲ. ಬಿಡಿಸುವುದು ಇನ್ನಷ್ಟು ಕಷ್ಟವಾಗುವ ದಿನ.

ಹಾಗಾದರೆ ಬಿಡಿಸೋದು ಯಾವಾಗ? ಮೊದಲೆಲ್ಲ ಯಂತ್ರದ ಸಹಾಯವನ್ನು ದಿನಕ್ಕೊಂದಿಷ್ಟು ಇಳಿಸ್ತಾ, ಮಗುವಿಗೆ ಮೊಲೆ ಬಿಡಿಸಿದ ಹಾಗೆ ಮೆಲ್ಲಗೆ ಬಿಡಿಸಬೇಕು ಅನ್ನೋರು. ಇಂಗ್ಲಿಷಿನಲ್ಲಿ ಅದಕ್ಕೆ ಇಟ್ಟ ಹೆಸರೂ ಮೊಲೆ ಬಿಡಿಸೋದು ಅಂತಲೇ. 1995ರಲ್ಲಿ ಸ್ಪೇನಿನ ವೈದ್ಯರು 546 ರೋಗಿಗಳನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದರು. ಎರಡು ಗಂಟೆ ಯಂತ್ರದ ಆಸರೆ ತೆಗೆದು ತಾವೇ ಉಸಿರಾಡಲು ಬಿಟ್ಟರು. ನಾಲ್ವರಲ್ಲಿ ಮೂವರು ಮೊದಲ ಸಲವೇ ಪಾಸಾಗಿ ಪೈಪು ತೆಗೆಸಿಕೊಂಡರು! ಅವರಿಗೆ ಮೆಲ್ಲಗೆ ಬಿಡಿಸುವ ಶಾಸ್ತ್ರವೇ ಬೇಕಿರಲಿಲ್ಲ. ಬಾಗಿಲು ತೆರೆಯಬೇಕಿತ್ತು, ಅಷ್ಟೆ. ಉಳಿದವರಲ್ಲೂ ದಿನಕ್ಕೊಂದು ಸಲ ಹೀಗೆ ಪರೀಕ್ಷೆ ಮಾಡಿದವರೇ ಬೇರೆ ಹಳೆಯ ವಿಧಾನಗಳವರಿಗಿಂತ ಬೇಗ ಬಿಡುಗಡೆ ಆದರು. 1999ರಲ್ಲಿ ಅದೇ ಗುಂಪು ಎರಡು ಗಂಟೆಯೂ ಬೇಕಿಲ್ಲ, ಮೊದಲ ಪರೀಕ್ಷೆಗೆ ಅರ್ಧ ಗಂಟೆ ಸಾಕು ಅಂತ ತೋರಿಸಿತು.

1996ರಲ್ಲಿ ಅಮೆರಿಕದ ಈಲಿ ಮತ್ತು ಸಂಗಡಿಗರು 300 ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ವೈದ್ಯರ ಮಾಮೂಲು ತೀರ್ಮಾನ. ಇನ್ನೊಂದು ಪಾಲಿಗೆ ದಿನಾ ಬೆಳಿಗ್ಗೆ ಪಟ್ಟಿ ಹಿಡಿದು ತಪಾಸಣೆ, ಪಾಸಾದವರಿಗೆ ಸ್ವಂತ ಉಸಿರಿನ ಪರೀಕ್ಷೆ, ಅದರಲ್ಲೂ ಪಾಸಾದರೆ ಡಾಕ್ಟರಿಗೆ ಸುದ್ದಿ. ಪರೀಕ್ಷೆಯ ಪಾಲಿನವರ ಕಾಯಿಲೆಯೇ ಹೆಚ್ಚು ಜೋರಾಗಿತ್ತು. ಆದರೂ ಅವರು ಯಂತ್ರದಲ್ಲಿದ್ದ ಮಧ್ಯಮ ಅವಧಿ 4.5 ದಿನ. ಮಾಮೂಲು ಪಾಲಿನವರದು 6 ದಿನ. ತೊಡಕುಗಳು 100ಕ್ಕೆ 41 ಇದ್ದದ್ದು 20ಕ್ಕೆ ಇಳಿಯಿತು. ಮಾರನೇ ವರ್ಷ, 1997ರಲ್ಲಿ, ಕೊಲೆಫ್ ಮತ್ತು ಸಂಗಡಿಗರು 357 ರೋಗಿಗಳಲ್ಲಿ ಇನ್ನೂ ಮುಂದೆ ಹೋದರು. ಬರೆದಿಟ್ಟ ನಿಯಮದ ಪ್ರಕಾರ ನರ್ಸುಗಳು ಮತ್ತು ಉಸಿರಾಟದ ತಂತ್ರಜ್ಞರು ನಡೆಸಿದ ಬಿಡುಗಡೆ ಒಂದು ಕಡೆ, ಡಾಕ್ಟರುಗಳು ತಮ್ಮ ಇಚ್ಛೆಯಂತೆ ನಡೆಸಿದ ಬಿಡುಗಡೆ ಇನ್ನೊಂದು ಕಡೆ. ನರ್ಸುಗಳ ಕಡೆ 35 ಗಂಟೆ, ಡಾಕ್ಟರುಗಳ ಕಡೆ 44 ಗಂಟೆ.

ಇದನ್ನ ಇನ್ನೊಂದು ಸಲ ಓದಿ ಗೆಳೆಯರೆ. ಕಫ ಎಳೆಯೋ ಕೈ, ಮಗ್ಗುಲು ಬದಲಿಸೋ ಕೈ, ಮೂತ್ರದ ಚೀಲ ಖಾಲಿ ಮಾಡೋ ಕೈ, ಆ ಕೈಗೆ ಬರೆದ ನಿಯಮ ಕೊಟ್ಟಾಗ ರೋಗಿ ಬೇಗ ಬಿಡುಗಡೆ ಆದ. ಯಾಕೆ? ಡಾಕ್ಟರು ದಿನಕ್ಕೆ ಹತ್ತು ನಿಮಿಷ ಬರ್ತಾನೆ. ನರ್ಸ್ ಎಂಟು ಗಂಟೆ, ಹನ್ನೆರಡು ಗಂಟೆ ಅಲ್ಲೇ ಇರ್ತಾಳೆ. ರೋಗಿ ಯಾವಾಗ ಕಣ್ಣು ಬಿಟ್ಟ, ಎಷ್ಟು ಜೋರಾಗಿ ಕೆಮ್ಮಿದ, ಕಫ ತೆಳ್ಳಗಾಯಿತೋ ಇಲ್ಲವೋ ಅವಳಿಗೆ ಗೊತ್ತು. ಗೊತ್ತಿರೋಳಿಗೆ ಅಧಿಕಾರ ಇಲ್ಲ. ಅಧಿಕಾರ ಇರೋನಿಗೆ ಪುರಸೊತ್ತಿಲ್ಲ. ಈ ಎರಡರ ನಡುವೆ ನಮ್ಮವನ ಉಸಿರು ಸಿಕ್ಕಿಕೊಂಡಿದೆ.

ಪರೀಕ್ಷೆಯ ಪ್ರಶ್ನೆಗಳೇನು ದೇವಭಾಷೆಯಲ್ಲಿಲ್ಲ. ಯಂತ್ರ ಹಾಕೋಕೆ ಕಾರಣವಾದ ಕಾಯಿಲೆ ಇಳಿಮುಖ ಆಗಿದೆಯೇ? ಕಡಿಮೆ ಆಮ್ಲಜನಕದಲ್ಲೂ, ಅಂದರೆ 100ಕ್ಕೆ 40ರ ಒಳಗೆ ಕೊಟ್ಟರೂ, ರಕ್ತದಲ್ಲಿ ಅದು ಸಾಕಷ್ಟು ನಿಲ್ಲುತ್ತಿದೆಯೇ? ರಕ್ತದೊತ್ತಡ ಔಷಧಿಯ ಭಾರೀ ಆಸರೆ ಇಲ್ಲದೆ ನಿಂತಿದೆಯೇ? ಎಚ್ಚರ ಇದೆಯೇ, ಹೇಳಿದ ಮಾತು ಕೇಳ್ತಾನೆಯೇ? ಕೆಮ್ಮಲು ಬಲ ಇದೆಯೇ? ಇಷ್ಟಕ್ಕೂ ಹೌದು ಅಂತಾದರೆ, ಅರ್ಧ ಗಂಟೆ ತಾನೇ ಉಸಿರಾಡಲಿ. ಪಕ್ಕದಲ್ಲಿ ನಿಂತು ನೋಡಬೇಕು. ಉಸಿರು ನಿಮಿಷಕ್ಕೆ 35 ದಾಟಿದರೆ, ಆಮ್ಲಜನಕ 90ರ ಕೆಳಗೆ ಇಳಿದರೆ, ಎದೆಬಡಿತ 140 ಮೀರಿದರೆ, ಬೆವತು ಒದ್ದಾಡಿದರೆ, ನಿಲ್ಲಿಸಿ ಮತ್ತೆ ಯಂತ್ರಕ್ಕೆ. ಫೇಲಾದ ಕಾರಣ ಹುಡುಕಿ ನಾಳೆ ಮತ್ತೆ ಪರೀಕ್ಷೆ.

ಮೇಷ್ಟರುಗಳೇ, ಇದರಲ್ಲಿ ನೀವು ಕಪ್ಪುಹಲಗೆಯ ಮೇಲೆ ಬಿಡಿಸಬಹುದಾದ ಒಂದು ಲೆಕ್ಕವೂ ಇದೆ. ನಿಮಿಷಕ್ಕೆ ಎಷ್ಟು ಉಸಿರು ಅನ್ನೋದನ್ನ, ಒಂದು ಉಸಿರಿಗೆ ಎಷ್ಟು ಲೀಟರ್ ಗಾಳಿ ಅನ್ನೋದರಿಂದ ಭಾಗಿಸಿ. ನಿಮಿಷಕ್ಕೆ 24 ಉಸಿರು, ಒಂದೊಂದಕ್ಕೆ 0.4 ಲೀಟರ್: ಉತ್ತರ 60. ಆಳವಾದ, ನಿಧಾನದ ಉಸಿರು. ಬಿಡಬಹುದು ಅನ್ನೋ ಸೂಚನೆ. ನಿಮಿಷಕ್ಕೆ 40 ಉಸಿರು, ಒಂದೊಂದಕ್ಕೆ 0.2 ಲೀಟರ್: ಉತ್ತರ 200. ಇದು ಏದುಸಿರು, ಇನ್ನೂ ಆಗಲ್ಲ. 1991ರಲ್ಲಿ ಯಾಂಗ್ ಮತ್ತು ಟೋಬಿನ್ ಗೆರೆ ಎಳೆದದ್ದು 105ಕ್ಕೆ. ಇದೊಂದೇ ತೀರ್ಪು ಅಲ್ಲ, ಹಲವು ಸಾಕ್ಷಿಗಳಲ್ಲಿ ಒಂದು ಸಾಕ್ಷಿ. ಆದರೆ ಏಳನೇ ಕ್ಲಾಸಿನ ಭಾಗಾಕಾರವನ್ನ ಗರ್ಭಗುಡಿಯೊಳಗೆ ಬಚ್ಚಿಟ್ಟು, ನಿಮಗೆ ಇದೆಲ್ಲ ಅರ್ಥ ಆಗಲ್ಲ ಅನ್ನೋರನ್ನ ನಾವು ಎಷ್ಟು ದಿನ ಸಹಿಸಬೇಕು?

*

ಎದುರು ಮಾತುಗಳಿವೆ. ಅವನ್ನೂ ಎದುರಿಸೋಣ.

ಒಂದು: ಅವಸರ ಮಾಡಿ ಪೈಪು ತೆಗೆದರೆ ರೋಗಿ ಸಾಯ್ತಾನೆ. ನಿಜ. ಪರೀಕ್ಷೆ ಪಾಸಾಗಿ ಪೈಪು ತೆಗೆಸಿಕೊಂಡವರಲ್ಲೂ 100ಕ್ಕೆ ಸುಮಾರು 10ರಿಂದ 20 ಜನಕ್ಕೆ ಮತ್ತೆ ಹಾಕಬೇಕಾಗುತ್ತೆ. ಹಾಗೆ ಮತ್ತೆ ಹಾಕಿಸಿಕೊಂಡವರಲ್ಲಿ ಸಾವು ಹೆಚ್ಚು. ಅದಕ್ಕೇ ಪರೀಕ್ಷೆ ಬೇಕು ಅನ್ನೋದು, ಅದಕ್ಕೇ ಅಂದಾಜು ಬೇಡ ಅನ್ನೋದು. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ನಮ್ಮಲ್ಲಿ ಒಬ್ಬರಿಗೂ ಪೈಪು ಮತ್ತೆ ಹಾಕಿಲ್ಲ ಅಂತ ಬೀಗುವ ಆಸ್ಪತ್ರೆ, ಬಿಡಬಹುದಾದ ಎಷ್ಟು ಜನರನ್ನ ಬಿಡದೆ ಇಟ್ಟುಕೊಂಡಿತ್ತು ಅಂತ ಹೇಳಬೇಕು. ರೋಗಿಗಳು ಅರೆಮಂಪರಿನಲ್ಲಿ ಕೈಗೆ ಸಿಕ್ಕಿದ ಪೈಪನ್ನ ತಾವೇ ಕಿತ್ತುಕೊಳ್ಳೋದುಂಟು. ಅದು ಅಪಾಯ, ಗಂಟಲಿಗೆ ಗಾಯ, ಕೆಲವರಿಗೆ ಸಾವು. ಯಾರೂ ಅದನ್ನ ಹೊಗಳಬಾರದು. ಆದರೆ ಹಾಗೆ ಕಿತ್ತುಕೊಂಡವರಲ್ಲಿ ಸುಮಾರು ಅರ್ಧ ಜನಕ್ಕೆ ಪೈಪನ್ನು ಮತ್ತೆ ಹಾಕಬೇಕಾಗಿಯೇ ಬರಲಿಲ್ಲ ಅಂತ ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಅಂದರೆ ಅವರು ಬಿಡುಗಡೆಗೆ ಸಿದ್ಧರಿದ್ದರು. ಯಾರೂ ಕೇಳಿರಲಿಲ್ಲ. ಕೇಳೋ ಬದಲು ಕೈ ಕಟ್ಟಿ ಹಾಕಿದ್ದರು.

ಎರಡು: ಮಂಪರು ಕೊಟ್ಟಿದ್ದೀವಿ, ಎಚ್ಚರ ಇಲ್ಲ, ಪರೀಕ್ಷೆ ಹೇಗೆ ಮಾಡೋದು? ಎಬ್ಬಿಸಿ. 2000ದಲ್ಲಿ ಷಿಕಾಗೋದ ವೈದ್ಯರು 128 ರೋಗಿಗಳಲ್ಲಿ ತೋರಿಸಿದ್ದಾರೆ: ದಿನಕ್ಕೊಂದು ಸಲ ಮಂಪರು ನಿಲ್ಲಿಸಿ ಎಬ್ಬಿಸಿದರೆ ಯಂತ್ರದ ಅವಧಿ 7.3 ದಿನದಿಂದ 4.9 ದಿನಕ್ಕೆ ಇಳಿಯುತ್ತೆ. 2008ರಲ್ಲಿ 336 ರೋಗಿಗಳಲ್ಲಿ ಎಬ್ಬಿಸುವುದನ್ನೂ ಸ್ವಂತ ಉಸಿರಿನ ಪರೀಕ್ಷೆಯನ್ನೂ ಜೋಡಿಸಿ ನೋಡಿದರು. ಹೀಗೆ ಜೋಡಿಸಿದ 7 ರೋಗಿಗಳಿಗೆ ಒಬ್ಬನಂತೆ ವರ್ಷದ ಕೊನೆಗೆ ಹೆಚ್ಚು ಜೀವ ಉಳಿದಿತ್ತು. ಮಂಪರಿನಲ್ಲಿರೋ ರೋಗಿ ಗಲಾಟೆ ಮಾಡೋದಿಲ್ಲ, ನಿಜ. ಗಲಾಟೆ ಮಾಡದಿರೋದೇ ಗುಣ ಅಂದುಕೊಂಡ ವ್ಯವಸ್ಥೆಯನ್ನ ನಾವು ಬೇರೆ ಕಡೆಯೂ ನೋಡಿದ್ದೀವಿ.

ಮೂರು: ಒಳ್ಳೆ ಡಾಕ್ಟರಿಗೆ ಪಟ್ಟಿ ಯಾಕೆ ಬೇಕು? ಇದಕ್ಕೂ ಆಧಾರ ಇದೆ. 2004ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಅಧ್ಯಯನದಲ್ಲಿ ಬರೆದ ನಿಯಮದಿಂದ ಏನೂ ವ್ಯತ್ಯಾಸ ಆಗಲಿಲ್ಲ. ಯಾಕಂದರೆ ಅಲ್ಲಿ ಡಾಕ್ಟರುಗಳ ಸಂಖ್ಯೆ ಧಾರಾಳವಾಗಿತ್ತು, ಅವರು ದಿನಾ ಕ್ರಮವಾಗಿ ಒಂದೊಂದನ್ನೇ ಕೇಳಿಕೊಂಡು ರೋಗಿಯನ್ನ ನೋಡ್ತಿದ್ದರು. ಈ ಅಧ್ಯಯನವನ್ನ ನಮ್ಮ ವಿರುದ್ಧ ತೋರಿಸುವವರಿಗೆ ನನ್ನದೊಂದು ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಹಾಗೆ ದಿನಾ ನೋಡೋ ಅಷ್ಟು ಡಾಕ್ಟರುಗಳು ಎಲ್ಲಿದ್ದಾರೆ? ಡಾಕ್ಟರು ತುಂಬಿ ತುಳುಕೋ ಕಡೆ ನಿಯಮ ಇಲ್ಲದಿದ್ದರೂ ನಡೆದೀತು. ಡಾಕ್ಟರು ಅಪರೂಪ ಇರೋ ಕಡೆ ನಿಯಮವೇ ಡಾಕ್ಟರು. 2014ರಲ್ಲಿ 17 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಬರೆದ ನಿಯಮದಿಂದ ಯಂತ್ರದ ಅವಧಿ ಸರಾಸರಿ 100ಕ್ಕೆ 26ರಷ್ಟು ಇಳಿದಿತ್ತು.

ವಿಷ ಕುಡಿದವರ ವಿಷಯದಲ್ಲಿ ನಾನೂ ಒಂದು ಎಚ್ಚರಿಕೆ ಸೇರಿಸ್ತೀನಿ. ಇವರಿಗೆ ಮಾಮೂಲು ಪಟ್ಟಿ ಒಂದೇ ಸಾಲದು. ವಿಷ ಕೊಬ್ಬಿನಲ್ಲಿ ಅಡಗಿ ಮತ್ತೆ ಹೊರಗೆ ಬರೋದುಂಟು, ಇವತ್ತು ಬಂದ ಬಲ ನಾಳೆ ಕುಸಿಯೋದುಂಟು. ಕಫ ನಿಂತಿರಬೇಕು, ಅಟ್ರೋಪಿನ್ ಏರಿಸುವ ಅಗತ್ಯ ಇರಬಾರದು. ಎಲ್ಲಕ್ಕಿಂತ ಸರಳವಾದ ಇನ್ನೊಂದು ಪರೀಕ್ಷೆ ಇದೆ. ಅದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ಈ ಕಾಯಿಲೆಯಲ್ಲಿ ಮೊದಲು ಸೋಲೋದರಲ್ಲಿ ಕತ್ತು ಒಂದು. ಹಾಗಾಗಿ ರೋಗಿಗೆ ಹೇಳ್ತಾರೆ: ದಿಂಬಿನಿಂದ ತಲೆ ಎತ್ತು, ಎತ್ತಿ ಹಿಡಿ. ಎತ್ತಿ ಕೆಲವು ಸೆಕೆಂಡು ಹಿಡಿಯಬಲ್ಲ ಅಂದರೆ ಉಸಿರಿನ ಸ್ನಾಯುಗಳಿಗೂ ಬಲ ಬರ್ತಿದೆ ಅನ್ನೋ ಸೂಚನೆ. ಎತ್ತಲಾರ ಅಂದರೆ ಉಳಿದ ಅಂಕಿಗಳು ಎಷ್ಟೇ ಚೆಂದ ಇರಲಿ, ತಡೀರಿ.

ತಲೆ ಎತ್ತು! ಊರೊಳಗೆ ತಲೆ ಎತ್ತಿದ್ದಕ್ಕೆ ಹೊಡೆಸಿಕೊಂಡ ಜನ ನಾವು. ವೈದ್ಯಶಾಸ್ತ್ರವೇ ಈಗ ನಮ್ಮವನಿಗೆ ತಲೆ ಎತ್ತು ಅಂತಿದೆ. ಎತ್ತಿದಾಗ ನೋಡೋಕೆ ಮಾತ್ರ ಅಲ್ಲಿ ಯಾರೂ ಇಲ್ಲ.

*

ಇದನ್ನ ನಾನು ಊಹೆಯಿಂದ ಬರೀತಿಲ್ಲ. ಚಿಕ್ಕಪ್ಪನ ಮಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೀಗೇ ಮಲಗಿದ್ದ. ಹತ್ತನೇ ದಿನ, ಶುಕ್ರವಾರ, ಅವನು ತಲೆ ಎತ್ತಿದ. ಚಿಕ್ಕಮ್ಮ ಓಡಿಬಂದು ಡಾಕ್ಟರ ಮುಂದೆ ಕೈ ಮುಗಿದಳು: "ಬುದ್ಧೀ, ನನ್ನ ಮಗ ತಲೆ ಎತ್ತುತಾವ್ನೆ, ಕಣ್ಣಲ್ಲೇ ಮಾತಾಡ್ತಾವ್ನೆ, ಒಸಿ ನೋಡಿ." ಉತ್ತರ ಬಂತು: "ಅದೆಲ್ಲ ನಿಂಗೊತ್ತಾಗಲ್ಲಮ್ಮ. ಸೋಮವಾರ ನೋಡೋಣ." ಶನಿವಾರ ರಾತ್ರಿ ಪಾಳಿಯ ಸಿಸ್ಟರ್ ನನ್ನ ಕಿವಿಯಲ್ಲಿ ಹೇಳಿದಳು: "ಹುಡುಗ ಚೆನ್ನಾಗಿ ಉಸಿರಾಡ್ತಿದಾನೆ ಅಣ್ಣ. ಆದರೆ ನಾವು ಹೇಳೋ ಹಾಗಿಲ್ಲ." ಸೋಮವಾರ ಪರೀಕ್ಷೆ ಮಾಡಿದರು, ಅರ್ಧ ಗಂಟೆಯಲ್ಲಿ ಪಾಸಾದ, ಪೈಪು ತೆಗೆದರು. ಆ ಮೂರು ದಿನದ ಬಿಲ್ಲಿಗೆ ಚಿಕ್ಕಪ್ಪ ಹಾಲು ಕರೆಯೋ ಹಸು ಮಾರಿದ. ನಮ್ಮ ಹುಡುಗ ಉಳಿದ ಅನ್ನೋ ಸಂತೋಷದಲ್ಲಿ ಯಾರೂ ಜಗಳ ಆಡಲಿಲ್ಲ. ಬಡವರ ಸಂತೋಷವನ್ನೂ ಈ ವ್ಯವಸ್ಥೆ ರಶೀದಿಯಾಗಿ ಬಳಸಿಕೊಳ್ಳುತ್ತೆ.

ಹಸು ಇಲ್ಲದವರ ಕತೆ ಬೇರೆ. ದುಡ್ಡು ಇರೋ ತನಕ "ನೋಡೋಣ." ದುಡ್ಡು ಮುಗಿದ ದಿನ ಒಂದು ಕಾಗದ ಬರುತ್ತೆ. ವೈದ್ಯರ ಸಲಹೆಗೆ ವಿರುದ್ಧವಾಗಿ ನಾವೇ ಕರೆದುಕೊಂಡು ಹೋಗ್ತಿದ್ದೀವಿ ಅಂತ ಅದರಲ್ಲಿ ಬರೆದಿರುತ್ತೆ, ಬಹಳ ಸಲ ಇಂಗ್ಲಿಷಿನಲ್ಲಿ. ಓದಲು ಬಾರದ ತಂದೆ ಹೆಬ್ಬೆಟ್ಟು ಒತ್ತುತಾನೆ. ಇನ್ನೂ ತಲೆ ಎತ್ತಲಾರದವನನ್ನ, ಯಾವ ಪರೀಕ್ಷೆಯೂ ಇಲ್ಲದೆ, ಆಂಬುಲೆನ್ಸಿಗೆ ಹಾಕ್ತಾರೆ. ಮನೆಯವರೇ ದಾರಿಯುದ್ದಕ್ಕೂ ಆ ರಬ್ಬರ್ ಚೀಲ ಒತ್ತುತಾ ಹೋಗೋದನ್ನ ನೀವು ನೋಡಿರಬಹುದು. ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳ ಕೈ ಬದುಕಿಸೋಕೆ ಒತ್ತಿತು. ನಮ್ಮವರ ಕೈ ಊರು ಮುಟ್ಟಿಸೋಕೆ ಒತ್ತುತ್ತೆ.

ಹೀಗೆ ಎರಡು ಅನ್ಯಾಯ ಒಂದೇ ಹಾಸಿಗೆಯಲ್ಲಿ ಮಲಗಿವೆ. ಸಿದ್ಧ ಇದ್ದವನನ್ನ ಬಿಡೋದಿಲ್ಲ, ಯಾಕಂದರೆ ನೋಡೋರಿಲ್ಲ. ಸಿದ್ಧ ಇಲ್ಲದವನನ್ನ ಬಿಡ್ತಾರೆ, ಯಾಕಂದರೆ ಕಾಸಿಲ್ಲ. ಎರಡು ಕಡೆಯೂ ತೀರ್ಮಾನ ಮಾಡಿದ್ದು ರೋಗಿಯ ಉಸಿರಲ್ಲ. ಒಂದು ಕಡೆ ಡಾಕ್ಟರ ಕ್ಯಾಲೆಂಡರು, ಇನ್ನೊಂದು ಕಡೆ ಅಪ್ಪನ ಜೇಬು.

ಸರ್ಕಾರಿ ಆಸ್ಪತ್ರೆಯಲ್ಲಿ ಬಿಲ್ಲಿನ ಹೆದರಿಕೆ ಕಡಿಮೆ, ಆದರೆ ಅಲ್ಲಿ ಕೈಗಳಿಲ್ಲ. 2020ರಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರಿಗೆ 2,000 ಕೋಟಿ ರೂಪಾಯಿ ಅಂತ ಘೋಷಣೆ ಆಯಿತು. 2021ರಲ್ಲಿ, ಜನ ಉಸಿರಿಗಾಗಿ ಒದ್ದಾಡುತ್ತಿದ್ದ ದಿನಗಳಲ್ಲೇ, ನಡೆಸಲು ಸಿಬ್ಬಂದಿ ಇಲ್ಲದೆ ಯಂತ್ರಗಳು ಮೂಲೆ ಸೇರಿದ ಸುದ್ದಿ ಹಲವು ರಾಜ್ಯಗಳಿಂದ ಬಂತು. ಯಂತ್ರ ಕೊಂಡರೆ ಫೋಟೋ ಬರುತ್ತೆ. ನರ್ಸ್ ನೇಮಿಸಿದರೆ ಪ್ರತಿ ತಿಂಗಳು ಸಂಬಳ ಕೊಡಬೇಕಾಗುತ್ತೆ.

ಇನ್ನೊಂದು ಮಾತು ಸ್ಪಷ್ಟ ಮಾಡ್ತೀನಿ, ಎರಡನ್ನೂ ಕಲೆಸಬಾರದು. ಬದುಕುವ ಆಸೆಯೇ ಇಲ್ಲದ ರೋಗಿಯಿಂದ ಯಂತ್ರ ತೆಗೆಯುವ ಪ್ರಶ್ನೆ ಬೇರೆ. ಅದಕ್ಕೆ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿತು, 2023ರಲ್ಲಿ ಸರಳ ಮಾಡಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನ ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಒಳ್ಳೆಯದೇ. ಮಾನದಿಂದ ಸಾಯುವ ಹಕ್ಕಿಗೆ ಎರಡೆರಡು ವೈದ್ಯ ಮಂಡಳಿಗಳ ನಿಯಮ ಬಂತು. ಮಾನದಿಂದ ಉಸಿರಾಡುತ್ತಾ ಹೊರಗೆ ನಡೆದು ಬರುವ ಹಕ್ಕಿಗೆ ಒಂದು ಹಾಳೆಯ ನಿಯಮ ಯಾಕೆ ಬೇಡ?

*

ನಾವು ಕೇಳುತ್ತಿರೋದು ಚಂದ್ರನನ್ನಲ್ಲ. ವೆಂಟಿಲೇಟರು ಇರುವ ಪ್ರತಿ ಆಸ್ಪತ್ರೆಯಲ್ಲಿ, ಖಾಸಗಿ ಇರಲಿ ಸರ್ಕಾರಿ ಇರಲಿ, ಪ್ರತಿ ಹಾಸಿಗೆಯ ತಲೆದೆಸೆಯಲ್ಲಿ ಕನ್ನಡದಲ್ಲಿ ಒಂದು ಹಲಗೆ ಇರಲಿ. ಇವತ್ತು ಮಂಪರು ನಿಲ್ಲಿಸಿದರೋ ಇಲ್ಲವೋ, ತಪಾಸಣೆ ಆಯಿತೋ ಇಲ್ಲವೋ, ಸ್ವಂತ ಉಸಿರಿನ ಪರೀಕ್ಷೆಯಲ್ಲಿ ಪಾಸೋ ಫೇಲೋ, ಫೇಲಾದರೆ ಕಾರಣ ಏನು ಅಂತ ಅದರಲ್ಲಿ ಬರೆದಿರಲಿ. ಭಾನುವಾರವೂ ಬರೆದಿರಲಿ, ವಪೆಗೆ ಭಾನುವಾರ ಇಲ್ಲ. ತಪಾಸಣೆ ಶುರು ಮಾಡುವ ಅಧಿಕಾರ ನರ್ಸಿಗೆ ಬರಹದಲ್ಲಿ ಸಿಗಲಿ, ಪಾಸಾದ ಮೇಲೆ ಡಾಕ್ಟರು ಬರಲೇಬೇಕು ಅನ್ನುವ ನಿಯಮ ಆಗಲಿ. ಪೈಪು ತೆಗೆಯುವ ಕೊನೆಯ ತೀರ್ಮಾನ ಡಾಕ್ಟರದೇ ಇರಲಿ. ತೆಗೆಯದಿದ್ದರೆ ಯಾಕೆ ಅಂತ ಬರೆಯುವ ಭಾರವೂ ಅವರದೇ ಇರಲಿ. ವೆಂಟಿಲೇಟರು ಕೊಳ್ಳುವ ಪ್ರತಿ ಟೆಂಡರಿನ ಜೊತೆ ಅದನ್ನ ನೋಡಿಕೊಳ್ಳುವ ನರ್ಸಿನ ಕಾಯಂ ಹುದ್ದೆಯೂ ಬರಲಿ.

ಅಲ್ಲಿಯ ತನಕ ನಮ್ಮ ಕೆಲಸ ಇದೆ. ಊರಲ್ಲಿ ಯಾರಾದರೂ ಔಷಧಿ ಕುಡಿದರೆ, ಹಾವು ಕಚ್ಚಿದರೆ, ಜನ ಮೊದಲು ಕರೆಯೋದು ನಮ್ಮನ್ನ. ಓದಿದ ಹುಡುಗ, ಮೇಷ್ಟರು, ಇಂಗ್ಲಿಷ್ ಬರುತ್ತೆ, ಆಸ್ಪತ್ರೆಯಲ್ಲಿ ಮಾತಾಡ್ತಾರೆ ಅಂತ. ಹೋಗಿ. ಪೈಪಿಗೆ ಕೈ ಹಾಕಬೇಡಿ, ಹಾಕೋಕೆ ಬಿಡಬೇಡಿ. ಅದು ತರಬೇತಾದವರ ಕೆಲಸ. ನಮ್ಮ ಕೆಲಸ ಕೇಳೋದು. ಕೂಗಾಡಬೇಡಿ, ಕೈ ಮುಗಿದು ಬಗ್ಗಲೂ ಬೇಡಿ. ನೇರ ನಿಂತು, ದಿನಾ ಬೆಳಿಗ್ಗೆ, ಇಷ್ಟು ಕೇಳಿ:

ಇವತ್ತು ಮಂಪರು ನಿಲ್ಲಿಸಿ ಎಬ್ಬಿಸಿದಿರಾ? ತಾನೇ ಉಸಿರಾಡುವ ಪರೀಕ್ಷೆ ಮಾಡಿದಿರಾ? ಎಷ್ಟು ಹೊತ್ತು ತಡೆದ? ತಡೆಯದಿದ್ದರೆ ಏನು ಕಾರಣ, ಅದಕ್ಕೆ ಏನು ಮಾಡ್ತಿದ್ದೀರಿ? ತಡೆದಿದ್ದರೆ ಪೈಪು ಯಾಕೆ ಇನ್ನೂ ಇದೆ?

ಉತ್ತರವನ್ನ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಳ್ಳೆ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗೋದಿಲ್ಲ, ಕೂತು ಉತ್ತರ ಹೇಳ್ತಾರೆ. ಅಂಥವರು ಇದ್ದಾರೆ, ಅವರು ನಮ್ಮ ಗೆಳೆಯರು. ಸಿಟ್ಟಾದವರ ಹೆಸರಿನ ಮುಂದೆ ಬರೀ ತಾರೀಖು ಬರೆದು, ಮಾರನೇ ಬೆಳಿಗ್ಗೆ ಮತ್ತೆ ಹೋಗಿ ಕೇಳಿ.